ಡಿಬೀವರ್: ಪ್ರೊಡಕ್ಷನ್ ಮುಟ್ಟೋ ಮುಂಚೆ ಈ ಸೆಟ್ಟಿಂಗ್‌ಗಳನ್ನ ನೋಡ್ಕೊಳ್ಳಿ

ಇವತ್ತು ಡಿಬೀವರ್ ಬಗ್ಗೆ ಮಾತಾಡೋಣ. ಪುಣೆಯ ಹಿಂಜವಡಿಯಲ್ಲಿರಲಿ, ಹೈದರಾಬಾದಿನ ಗಚ್ಚಿಬೌಲಿಯಲ್ಲಿರಲಿ, ಬ್ಯಾಕೆಂಡ್ ಅಥವಾ ಸಪೋರ್ಟ್ ಕೆಲಸ ಮಾಡೋ ನಮ್ಮವರಲ್ಲಿ ಬಹಳ ಜನರ ಲ್ಯಾಪ್‌ಟಾಪ್‌ನಲ್ಲಿ ಇದು ಇರುತ್ತೆ. ಕಮ್ಯುನಿಟಿ ಎಡಿಷನ್ ಉಚಿತ, ಓಪನ್ ಸೋರ್ಸ್. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಎಲ್ಲಕ್ಕೂ ಒಂದೇ ಟೂಲ್ ಸಾಕು. ಆದರೆ ಹೆಚ್ಚಿನವರು ಇನ್‌ಸ್ಟಾಲ್ ಮಾಡ್ತಾರೆ, ಕನೆಕ್ಷನ್ ಕೊಡ್ತಾರೆ, ಕ್ವೆರಿ ಓಡಿಸ್ತಾರೆ, ಅಲ್ಲಿಗೆ ಮುಗೀತು. ಒಳಗೆ ಏನೇನಿದೆ ಅಂತ ನೋಡೋದೇ ಇಲ್ಲ.

ಯಾಕೆ ನೋಡಬೇಕು ಅನ್ನೋದಕ್ಕೆ ಒಂದು ನಿಜ ಘಟನೆ ಹೇಳ್ತೀನಿ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್‌ನ ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್‌ನ ರೆಪ್ಲಿಕೇಶನ್ ಸರಿಮಾಡ್ತಾ ಇದ್ರು. ಅಲ್ಲಿನ ಡೇಟಾ ಫೋಲ್ಡರ್ ಅಳಿಸಬೇಕಿತ್ತು. ಕಮಾಂಡ್ ಓಡಿದ್ದು ಮುಖ್ಯ ಸರ್ವರ್ ಮೇಲೆ. ಒಂದೆರಡು ಸೆಕೆಂಡಿನಲ್ಲಿ ನಿಲ್ಲಿಸಿದರೂ ಸುಮಾರು 300 ಜಿಬಿ ಹೋಗಿಯೇ ಬಿಟ್ಟಿತ್ತು. ಬ್ಯಾಕಪ್ ನೋಡಿದ್ರೆ, ಡಂಪ್ ತೆಗೆಯೋ ಟೂಲ್‌ಗೂ ಡೇಟಾಬೇಸ್‌ಗೂ ವರ್ಷನ್ ಹೊಂದದೆ ಅದು ಫೇಲ್ ಆಗ್ತಾ ಇತ್ತು! ಕೊನೆಗೆ ಸುಮಾರು ಆರು ಗಂಟೆ ಹಿಂದೆ ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್ ಕಾಪಾಡಿತು. ಆ ಆರು ಗಂಟೆಯ ಡೇಟಾಬೇಸ್ ಡೇಟಾ ಮಾತ್ರ ವಾಪಸ್ ಬರಲಿಲ್ಲ. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬಹಿರಂಗವಾಗಿಯೇ ಬರೆದುಕೊಂಡಿತು. ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಒಂದು ನನಗೆ ಚೆನ್ನಾಗಿ ನೆನಪಿದೆ: ಯಾವ ಸರ್ವರ್‌ನಲ್ಲಿದ್ದೀವಿ ಅಂತ ಸ್ಪಷ್ಟವಾಗಿ ಕಾಣೋ ಹಾಗೆ ಟರ್ಮಿನಲ್ ಪ್ರಾಂಪ್ಟ್ ಬದಲಿಸೋದು.

ಅವರು ಕೆಲಸ ಮಾಡ್ತಾ ಇದ್ದದ್ದು ಟರ್ಮಿನಲ್‌ನಲ್ಲಿ, ಡಿಬೀವರ್‌ನಲ್ಲಲ್ಲ. ಆದರೆ ನಮ್ಮ ಕಥೆಯೂ ಅದೇ. ಎಂಟು ಟ್ಯಾಬ್ ತೆರೆದಿರುತ್ತೆ, ಎಲ್ಲವೂ ಒಂದೇ ಬಿಳಿ ಬಣ್ಣ, ಕ್ಲೈಂಟ್ ಕಾಲ್‌ನಲ್ಲಿ ಕಾಯ್ತಾ ಇರ್ತಾನೆ.

ಡಿಬೀವರ್‌ನಲ್ಲಿ ಇದಕ್ಕೆ ಕನೆಕ್ಷನ್ ಟೈಪ್ ಅಂತ ಇದೆ. ಕನೆಕ್ಷನ್ ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್‌ಗೆ ಹೋದ್ರೆ ಜನರಲ್ ವಿಭಾಗದಲ್ಲಿ ಸಿಗುತ್ತೆ: ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್. ಪ್ರೊಡಕ್ಷನ್ ಆರಿಸಿದ ಕೂಡಲೇ ಆ ಕನೆಕ್ಷನ್‌ನ ಎಡಿಟರ್ ಕೆಂಪು ಛಾಯೆಗೆ ತಿರುಗುತ್ತೆ. ಬರೀ ಬಣ್ಣ ಅಲ್ಲ, ಸುಮ್ಮನೆ ಬಿಟ್ಟರೆ ಪ್ರೊಡಕ್ಷನ್ ಟೈಪ್‌ನಲ್ಲಿ ಆಟೋ ಕಮಿಟ್ ಆಫ್ ಇರುತ್ತೆ, ಕ್ವೆರಿ ಓಡಿಸೋ ಮುಂಚೆ ಕೇಳುತ್ತೆ ಕೂಡ. ಅಲ್ಲೇ ರೀಡ್ ಓನ್ಲಿ ಅನ್ನೋ ಟಿಕ್ ಇದೆ. ನೋಡೋದಷ್ಟೇ ಕೆಲಸ ಅಂದ್ರೆ ಟಿಕ್ ಹಾಕಿಬಿಡಿ. ಆದರೆ ಅದು ಟೂಲ್ ಕಡೆಯ ಬೇಲಿ, ಟಿಕ್ ತೆಗೆದರೆ ಬೇಲಿ ಹೋಯ್ತು. ಡಿಬಿಎ ಹತ್ರ ಬರೀ ಸೆಲೆಕ್ಟ್ ಅನುಮತಿ ಇರೋ ಯೂಸರ್ ಕೇಳಿ ತಗೊಂಡ್ರೆ ಅದೇ ಗಟ್ಟಿ ಬೇಲಿ.

ಈಗ ಆಟೋ ಕಮಿಟ್ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗ್ತೀನಿ, ಯಾಕಂದ್ರೆ "ಮ್ಯಾನ್ಯುಯಲ್ ಮಾಡಿಬಿಡಿ, ಸೇಫ್" ಅಂತ ಎಲ್ರೂ ಹೇಳ್ತಾರೆ, ಅದರ ಇನ್ನೊಂದು ಮುಖ ಹೇಳೋದಿಲ್ಲ. ಮ್ಯಾನ್ಯುಯಲ್‌ನಲ್ಲಿ ಅಪ್‌ಡೇಟ್ ಓಡಿಸಿದ್ರಿ, 3 ಸಾಲು ಬದಲಾಗಬೇಕಾದ ಕಡೆ 30,000 ಅಂತ ಬಂತು. ರೋಲ್‌ಬ್ಯಾಕ್ ಒತ್ತಿ, ನೀರು ಕುಡೀರಿ. ಬಹಳ ಒಳ್ಳೇದು. ಆದರೆ 3 ಅಂತಲೇ ಬಂತು, ಖುಷಿಯಾಯ್ತು, ಕಮಿಟ್ ಮಾಡೋದು ಮರೆತು ಊಟಕ್ಕೆ ಹೋದ್ರೆ? ಆ 3 ಸಾಲುಗಳ ಮೇಲೆ ಲಾಕ್ ಹಾಗೇ ಇರುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಬೇರೆಯವರು ಅವನ್ನ ಓದಬಹುದು, ಆದರೆ ಬದಲಿಸೋಕೆ ಬಂದವರು ಸಾಲಲ್ಲಿ ನಿಲ್ತಾರೆ. ಆ್ಯಪ್ ನೇತಾಡುತ್ತೆ, ಕಾರಣ ಏನು ಅಂತ ಇಡೀ ಟೀಮ್ ಹುಡುಕುತ್ತೆ, ಕಾರಣ ಕ್ಯಾಂಟೀನ್‌ನಲ್ಲಿ ದೋಸೆ ತಿಂತಾ ಇರುತ್ತೆ. ಟ್ರಾನ್ಸಾಕ್ಷನ್ ಗಂಟೆಗಟ್ಟಲೆ ತೆರೆದಿದ್ದರೆ ವ್ಯಾಕ್ಯೂಮ್ ಕೂಡ ಹಳೇ ಸಾಲುಗಳನ್ನ ಗುಡಿಸೋಕಾಗಲ್ಲ.

ಅದಕ್ಕೇ ನನಗೆ ಇಷ್ಟವಾದದ್ದು ಡಿಬೀವರ್‌ನ ಸ್ಮಾರ್ಟ್ ಕಮಿಟ್. ಓದುವಾಗ ಆಟೋದಲ್ಲಿರುತ್ತೆ, ಡೇಟಾ ಬದಲಿಸೋ ಕ್ವೆರಿ ಬಂದಾಗ ತಾನೇ ಮ್ಯಾನ್ಯುಯಲ್‌ಗೆ ಹೋಗುತ್ತೆ, ನೀವು ಕಮಿಟ್ ಅಥವಾ ರೋಲ್‌ಬ್ಯಾಕ್ ಮಾಡಿದ ಮೇಲೆ ವಾಪಸ್ ಬರುತ್ತೆ. ಸರ್ವರ್ ಕಡೆಯಿಂದಲೂ ಕಾವಲು ಬೇಕಂದ್ರೆ ಪೋಸ್ಟ್‌ಗ್ರೆಸ್ 9.6ರಿಂದ, ಸುಮ್ಮನೆ ತೆರೆದು ಕೂತಿರೋ ಟ್ರಾನ್ಸಾಕ್ಷನ್‌ಗೆ ಟೈಮ್‌ಔಟ್ ಇಡೋ ಸೆಟ್ಟಿಂಗ್ ಇದೆ. ಇನ್ನೊಂದು ಮಾತು. ರೋಲ್‌ಬ್ಯಾಕ್ ಇದೆ ಅಂತ ಡ್ರಾಪ್ ಟೇಬಲ್ ಮಾಡೋ ಧೈರ್ಯ ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಡ್ರಾಪ್ ಕೂಡ ಹಿಂದಕ್ಕೆ ಬರುತ್ತೆ. ಮೈಎಸ್‌ಕ್ಯೂಎಲ್, ಒರಾಕಲ್‌ನಲ್ಲಿ ಅಂಥ ಆಜ್ಞೆ ಓಡಿದರೆ ಅದೇ ಕಮಿಟ್, ಅದಕ್ಕೂ ಮುಂಚೆ ಮಾಡಿದ ಬದಲಾವಣೆಗಳೂ ಸೇರಿಕೊಂಡು ಕಮಿಟ್.

ಇನ್ನೊಂದು ಸಣ್ಣ ಸೆಟ್ಟಿಂಗ್, ಇದು ಗೊತ್ತಿರೋರು ಕಮ್ಮಿ. ಕಂಟ್ರೋಲ್ ಎಂಟರ್ ಒತ್ತಿದ್ರೆ ಕರ್ಸರ್ ಇರೋ ಕ್ವೆರಿ ಮಾತ್ರ ಓಡುತ್ತೆ, ಆಲ್ಟ್ ಎಕ್ಸ್ ಒತ್ತಿದ್ರೆ ಇಡೀ ಸ್ಕ್ರಿಪ್ಟ್. ಆದರೆ ಕ್ವೆರಿ ಎಲ್ಲಿ ಮುಗೀತು ಅಂತ ಡಿಬೀವರ್‌ಗೆ ಹೇಗೆ ಗೊತ್ತು? ಸೆಮಿಕೋಲನ್ ನೋಡುತ್ತೆ, ಸೆಟ್ಟಿಂಗ್ ಹಾಗಿದ್ರೆ ಖಾಲಿ ಸಾಲನ್ನೂ ಕೊನೆ ಅಂದ್ಕೊಳ್ಳುತ್ತೆ. ಈಗ ಯೋಚಿಸಿ. ಮೇಲೆ ಡಿಲೀಟ್ ಫ್ರಮ್ ಆರ್ಡರ್ಸ್, ಚೆಂದಕ್ಕೆ ಅಂತ ಒಂದು ಸಾಲು ಖಾಲಿ, ಕೆಳಗೆ ವೇರ್. ಕರ್ಸರ್ ಮೇಲಿನ ಸಾಲಲ್ಲಿದೆ. ಓಡೋದು ವೇರ್ ಇಲ್ಲದ ಡಿಲೀಟ್! ವೇರ್ ಇಲ್ಲದ ಡಿಲೀಟ್, ಅಪ್‌ಡೇಟ್‌ಗೆ ಡಿಬೀವರ್ ಎಚ್ಚರಿಕೆ ಕೊಡುತ್ತೆ, ನಿಜ. ಆದರೆ ಎಚ್ಚರಿಕೆಗಳನ್ನ ಓದದೆ ಎಸ್ ಒತ್ತೋದು ನಮ್ಮೆಲ್ಲರ ಬೆರಳಿಗೆ ರೂಢಿ. ಪ್ರೆಫರೆನ್ಸಸ್‌ನಲ್ಲಿ ಎಸ್‌ಕ್ಯೂಎಲ್ ಎಡಿಟರ್ ಕೆಳಗೆ ಎಸ್‌ಕ್ಯೂಎಲ್ ಪ್ರೊಸೆಸಿಂಗ್‌ಗೆ ಹೋಗಿ ಈ ಖಾಲಿ ಸಾಲಿನ ಸೆಟ್ಟಿಂಗ್ ಏನಿದೆ ಅಂತ ಇವತ್ತೇ ನೋಡಿ. ನಾನು ಸೆಮಿಕೋಲನ್ ಮಾತ್ರ ಇಟ್ಕೊಂಡಿದ್ದೀನಿ.

ಎಕ್ಸ್‌ಟೆನ್ಷನ್‌ಗಳ ವಿಷಯ ಬೇಗ ಮುಗಿಸ್ತೀನಿ. ಡಿಬೀವರ್ ಕಟ್ಟಿರೋದು ಎಕ್ಲಿಪ್ಸ್ ಮೇಲೆ, ಹಾಗಾಗಿ ಹೆಲ್ಪ್ ಮೆನುವಿನಿಂದ ಎಕ್ಸ್‌ಟೆನ್ಷನ್ ಹಾಕ್ಕೊಬಹುದು. ನನ್ನ ಪ್ರಕಾರ ಗಿಟ್ ಒಂದು ಸಾಕು, ಟೀಮಿನ ಸ್ಕ್ರಿಪ್ಟ್‌ಗಳು ಯಾರದೋ ಡೆಸ್ಕ್‌ಟಾಪ್‌ನಲ್ಲಿ "ಫೈನಲ್ 2" ಅನ್ನೋ ಹೆಸರಲ್ಲಿ ಕೂತಿರೋದು ತಪ್ಪುತ್ತೆ. ಉಳಿದದ್ದಕ್ಕೆ ಒಳಗಿರೋ ಸೌಲಭ್ಯಗಳೇ ಸಾಕು. ಹೊಸ ಪ್ರಾಜೆಕ್ಟ್‌ಗೆ ಸೇರಿದ ದಿನ ಸ್ಕೀಮಾ ಮೇಲೆ ಇಆರ್ ಡಯಾಗ್ರಾಮ್ ತೆರೆದು ನೋಡಿ, ಯಾವ ಟೇಬಲ್ ಯಾವುದಕ್ಕೆ ಅಂಟಿದೆ ಅಂತ ಒಂದೇ ನೋಟಕ್ಕೆ ಸಿಗುತ್ತೆ. ಫಾರಿನ್ ಕೀ ಹಾಕಿದ್ದರೆ ಮಾತ್ರ, ಹಾಕದ ಪುಣ್ಯಾತ್ಮರೂ ಇದ್ದಾರೆ.

ಇನ್ನು ಡೇಟಾ ಹೊರಗೆ ತೆಗೆಯೋದು. ರಿಸಲ್ಟ್‌ನಲ್ಲಿ ಮೊದಲಿಗೆ ಕಾಣೋದು 200 ಸಾಲು ಮಾತ್ರ. ಎಲ್ಲ ಸೆಲೆಕ್ಟ್ ಮಾಡಿ ಎಕ್ಸೆಲ್‌ಗೆ ಪೇಸ್ಟ್ ಮಾಡಿದ್ರೆ ಮ್ಯಾನೇಜರ್‌ಗೆ ಹೋಗೋದೂ ಆ 200 ಸಾಲೇ. ಎಕ್ಸ್‌ಪೋರ್ಟ್ ಡೇಟಾ ಆರಿಸಿದ್ರೆ ಕ್ವೆರಿ ಮತ್ತೆ ಓಡಿ ಪೂರ್ತಿ ಬರುತ್ತೆ.

ಕನ್ನಡ ಹೆಸರು, ವಿಳಾಸ ಇರೋ ಟೇಬಲ್ ಆದ್ರೆ ಅಲ್ಲಿ ಇನ್ನೊಂದು ತೊಡಕು. ಸಿಎಸ್‌ವಿ ಫೈಲ್ ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡ ಹೋಗಿ ಚಿತ್ರವಿಚಿತ್ರ ಗುರುತು ಬರುತ್ತೆ, ಡೇಟಾ ಕೆಟ್ಟಿದೆ ಅಂತ ಗಾಬರಿಯಾಗ್ತಾರೆ. ಡೇಟಾ ಸರಿಯಾಗೇ ಇರುತ್ತೆ. ಇದು ಯುಟಿಎಫ್-8 ಫೈಲ್ ಅಂತ ಎಕ್ಸೆಲ್‌ಗೆ ಗೊತ್ತಾಗಿರಲ್ಲ, ಅಷ್ಟೇ. ಎಕ್ಸ್‌ಪೋರ್ಟ್‌ನ ಕೊನೆಯ ಹಂತಗಳಲ್ಲಿ ಎನ್‌ಕೋಡಿಂಗ್ ಪಕ್ಕ ಇನ್ಸರ್ಟ್ ಬಿಒಎಂ ಅನ್ನೋ ಟಿಕ್ ಇದೆ, ಅದನ್ನ ಹಾಕಿದ್ರೆ ಕನ್ನಡ ಕನ್ನಡವಾಗೇ ತೆರೆಯುತ್ತೆ. ಹಾಗೇ ಕಾಲಮ್ ಉದ್ದ ಲೆಕ್ಕ ಹಾಕುವಾಗಲೂ ನೋಡ್ಕೊಳ್ಳಿ. "ಕನ್ನಡ" ನಮ್ಮ ಕಣ್ಣಿಗೆ ಮೂರಕ್ಷರ. ಮೈಎಸ್‌ಕ್ಯೂಎಲ್‌ನಲ್ಲಿ ಕ್ಯಾರ್ ಲೆಂತ್ ಕೇಳಿದ್ರೆ 5 ಅನ್ನುತ್ತೆ, ಒತ್ತಿನ ಹಲಂತವೂ ಒಂದು ಲೆಕ್ಕ. ಯುಟಿಎಫ್-8 ಕಾಲಮ್‌ನಲ್ಲಿ ಬರೀ ಲೆಂತ್ ಕೇಳಿದ್ರೆ 15, ಒಂದೊಂದಕ್ಕೆ 3 ಬೈಟ್. ಇಂಗ್ಲಿಷ್ ಹೆಸರು ನೋಡಿ 20 ಅಂತ ಇಟ್ಟ ಕಾಲಮ್‌ಗೆ "ಲಕ್ಷ್ಮೀನರಸಿಂಹಸ್ವಾಮಿ" ಹಾಕಿ ನೋಡಿ, ಹೆಚ್ಚುಕಮ್ಮಿ ತುಂಬಿಬಿಡುತ್ತೆ.