ಚೀನದ ‘ಮೂಕ ಇಂಗ್ಲಿಷ್’

ಚೀನದ ಪ್ರೌಢಶಾಲೆಗಳಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿತವರಲ್ಲಿ ಅನೇಕರು ಅದನ್ನು ಓದಬಲ್ಲರು, ಬರೆಯಬಲ್ಲರು, ಆಡಬೇಕಾದಾಗ ತಡವರಿಸುವರು. ಈ ಸ್ಥಿತಿಯನ್ನು ಆ ದೇಶದವರೇ ‘ಮೂಕ ಇಂಗ್ಲಿಷ್’ ಎಂದು ಕರೆದಿದ್ದಾರೆ.

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಮೊದಲನೆಯದು ಭಾಷಾಸ್ವರೂಪ. ಚೀನೀ ಕ್ರಿಯಾಪದವು ಕಾಲಕ್ಕೆ ತಕ್ಕಂತೆ ರೂಪವನ್ನು ಬದಲಿಸದು. ‘ನಿನ್ನೆ’, ‘ನಾಳೆ’ ಎಂಬಂಥ ಪದಗಳು ಕಾಲವನ್ನು ತಿಳಿಸುತ್ತವೆ. ಇಂಗ್ಲಿಷಿನ ಕ್ರಿಯಾರೂಪಗಳನ್ನು ಬರೆಯುವಾಗ ಯೋಚಿಸಿ ತಿದ್ದಬಹುದು. ಮಾತಿನ ಓಟದಲ್ಲಿ ಅದಕ್ಕೆ ವ್ಯವಧಾನವಿಲ್ಲ. ಎರಡನೆಯದು ಪರೀಕ್ಷಾಪದ್ಧತಿ. 1977ರಲ್ಲಿ ಪುನರಾರಂಭವಾದ ‘ಗಾವೊಕಾವೊ’ ಎಂಬ ಉನ್ನತ ಶಿಕ್ಷಣದ ಪ್ರವೇಶಪರೀಕ್ಷೆಯಲ್ಲಿ ಇಂದು ಸಾಮಾನ್ಯವಾಗಿ 750 ಅಂಕಗಳ ಪೈಕಿ 150 ಇಂಗ್ಲಿಷಿಗೆ ಮೀಸಲು. ಆದರೆ ಬಹುತೇಕ ಪ್ರಾಂತಗಳಲ್ಲಿ ಮಾತಿನ ಪರೀಕ್ಷೆಯ ಅಂಕ ಈ ಮೊತ್ತಕ್ಕೆ ಸೇರದು. ಅಂಕ ತಾರದ ಅಭ್ಯಾಸಕ್ಕೆ ವಿದ್ಯಾರ್ಥಿಯು ವೇಳೆಯನ್ನೆಲ್ಲಿಂದ ತಂದಾನು?

ಮುಂಜಾನೆ ಗಟ್ಟಿಯಾಗಿ ಓದಿಸುವ ರೂಢಿ ಅಲ್ಲಿನ ಶಾಲೆಗಳಲ್ಲುಂಟು. ಅದರಿಂದ ಉಚ್ಚಾರ ಪಳಗೀತು, ಸಂಭಾಷಣೆ ಬಾರದು. ಈ ಕೊರತೆಯನ್ನು ತುಂಬಲು ಹುಟ್ಟಿದುದೇ ‘ಇಂಗ್ಲಿಷ್ ಮೂಲೆ’. ಶಾಂಘೈನ ಜನತಾ ಉದ್ಯಾನದಲ್ಲಿ 1978ರ ಸುಮಾರಿಗೆ ಆರಂಭವಾದ ಇಂಥ ಕೂಟದಲ್ಲಿ ಅಪರಿಚಿತರು ಕಲೆತು, ತಪ್ಪಿಗಂಜದೆ ಇಂಗ್ಲಿಷಿನಲ್ಲಿ ಮಾತನಾಡತೊಡಗಿದರು.

ಹೊರನಾಡ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಇದರ ವಿಲೋಮವನ್ನು ಕಾಣುತ್ತೇವೆ: ಮಕ್ಕಳು ಕನ್ನಡವನ್ನು ಆಡಬಲ್ಲರು, ಓದಲಾರರು. ಅಲ್ಲಿ ನಾಲಗೆಗೆ ಬೇಕಾದ ಅಭ್ಯಾಸ ಇಲ್ಲಿ ಕಣ್ಣಿಗೆ ಬೇಕಾಗಿದೆ. ಪರೀಕ್ಷೆಯು ಕೇಳದುದನ್ನು ಕಲಿಸುವ ಮೂಲೆಯೊಂದು ನಮಗೂ ಅವಶ್ಯ.