ಇಬ್ಬರು ಸ್ತ್ರೀಯರ ಚದುರಂಗ ಸಮರ

ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯ ಕಡೆಯವರಿಗೆ ಚದುರಂಗದ ‘ಬುದ್ಧಿಬಳ’ವೆಂಬ ಮರಾಠಿ ಹೆಸರು ಹೊಸದಲ್ಲ. ಆದರೆ ಆ ಬಲವು ಗಂಡಸರ ಪಡಸಾಲೆಯ ಸೊತ್ತೆಂಬ ಭಾವನೆ ಬಹುಕಾಲ ಉಳಿದಿತ್ತು. ಸ್ತ್ರೀಯರ ಮೊದಲನೆಯ ರಾಷ್ಟ್ರೀಯ ಪಂದ್ಯಾವಳಿಯು 1974ರಲ್ಲಿ ಬೆಂಗಳೂರಿನಲ್ಲಿ ನೆರೆದು, ವಾಸಂತಿ ಖಾಡಿಲ್ಕರ್ ಎಂಬಾಕೆ ವಿಜಯಿಯಾದಳು. ಅಲ್ಲಿಂದ ಐವತ್ತೊಂದು ವರ್ಷಕ್ಕೆ, 2025ರ ಜುಲೈಯಲ್ಲಿ, ಜಾರ್ಜಿಯಾ ದೇಶದ ಬಾತುಮಿ ನಗರದಲ್ಲಿ ಸ್ತ್ರೀಯರ ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಎದುರುಬದುರಾಗಿ ಕುಳಿತವರಿಬ್ಬರೂ ಭಾರತೀಯರೇ ಆಗಿದ್ದರು!

ಒಬ್ಬರು ಆಂಧ್ರದ ಕೋನೇರು ಹಂಪಿ. (ಈ ಹೆಸರು ನಮ್ಮ ತುಂಗಭದ್ರೆಯ ಹಂಪೆಯದಲ್ಲ, ‘ಚಾಂಪಿಯನ್’ ಎಂಬ ಮಾತಿನಿಂದ ತೆಗೆದಿಟ್ಟದ್ದು.) ಹದಿನೈದರ ಹರೆಯದಲ್ಲಿ, 2002ರಲ್ಲಿಯೇ, ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಪಡೆದವರು. ತಾಯಿಯಾದಾಗ ಕೆಲಕಾಲ ಆಟವನ್ನು ಬಿಟ್ಟು, ಮರಳಿ ಬಂದು, 2019ರಲ್ಲಿಯೂ 2024ರಲ್ಲಿಯೂ ಶೀಘ್ರ ಚದುರಂಗದ ವಿಶ್ವಪದವಿಯನ್ನು ಗೆದ್ದವರು. ಮಕ್ಕಳಾದ ಮೇಲೆ ಹೆಂಗಸಿನ ವಿದ್ಯೆ ಅಟ್ಟ ಸೇರಿತೆನ್ನುವವರು ಇದನ್ನು ಗಮನಿಸಬೇಕು. ಇನ್ನೊಬ್ಬಳು ನಾಗಪುರದ ದಿವ್ಯಾ ದೇಶಮುಖ್. ಹಂಪಿಯವರು ಆ ಪದವಿಯನ್ನು ಪಡೆದು ಮೂರು ವರ್ಷಗಳಾದ ಮೇಲೆ ಹುಟ್ಟಿದವಳು, ವಯಸ್ಸು ಹತ್ತೊಂಬತ್ತು. ಗ್ರ್ಯಾಂಡ್‌ಮಾಸ್ಟರ್ ಆಗಲು ಸಾಮಾನ್ಯವಾಗಿ ಮೂರು ಪಂದ್ಯಾವಳಿಗಳಲ್ಲಿ ನಿಯಮಿತ ಮಟ್ಟದ ಆಟವಾಡಿ ತೋರಿಸಬೇಕು. ಈಕೆಯ ಬಳಿ ಅಂಥದು ಒಂದೂ ಇರಲಿಲ್ಲ. ಆದರೆ ಈ ಕಪ್ಪನ್ನು ಗೆದ್ದವಳಿಗೆ ಪದವಿಯು ತಾನಾಗಿಯೇ ದೊರೆಯುವುದಿತ್ತು.

ನಿಧಾನದ ಎರಡು ಆಟಗಳೂ ಸಮವಾದುವು. ಜುಲೈ 28ರಂದು ಶೀಘ್ರ ಆಟಗಳು: ತಲೆಗೆ 15 ನಿಮಿಷ, ನಡೆಯೊಂದಕ್ಕೆ 10 ಸೆಕೆಂಡು ಹೆಚ್ಚಿಗೆ. ಇದು ಹಂಪಿಯವರ ಸ್ವಂತ ಅಂಗಳವೆಂದೇ ಹೇಳಬೇಕು. ಮೊದಲನೆಯದೂ ಸಮವಾಯಿತು. ಎರಡನೆಯದರಲ್ಲಿ ಹಂಪಿಯವರಿಗೆ ಬಿಳಿಯ ಕಾಯಿಗಳು. ಗಡಿಯಾರದ ಕಾಟಕ್ಕೆ ಸಿಕ್ಕಿ ಅವರು ತಪ್ಪಿದರು. ಗೆಲುವು ದಿವ್ಯಾಳ ಕೈಗೆ ಬಂದು, ಅಲ್ಲಿಂದಲೂ ಜಾರಿತು. ಸೆಕೆಂಡುಗಳನ್ನೆಣಿಸುತ್ತ ಆಡುವಾಗ ಇಪ್ಪತ್ತು ವರ್ಷಗಳ ಅನುಭವವೂ ಆಸರೆಯಾಗದು. ಆಟ ಎಪ್ಪತ್ತು ನಡೆಗಳನ್ನು ದಾಟುವ ಹೊತ್ತಿಗೆ ಹಂಪಿಯವರು ಮತ್ತೊಮ್ಮೆ ತಪ್ಪಿ, ಸೋಲನ್ನೊಪ್ಪಿ ಕೈ ಚಾಚಿದರು.

ಎರಡೂವರೆಗೆ ಒಂದೂವರೆ. ದಿವ್ಯಾ ಭಾರತದ 88ನೆಯ ಗ್ರ್ಯಾಂಡ್‌ಮಾಸ್ಟರಳಾದಳು. ದೇಶದ ಸ್ತ್ರೀಯರಲ್ಲಿ ನಾಲ್ಕನೆಯವಳು. ಆ ಸಾಲಿನ ಮೊದಲನೆಯವರು ಆಗತಾನೆ ಎದುರಿನ ಕುರ್ಚಿಯಿಂದೆದ್ದಿದ್ದರು. ಕಣ್ಣೀರೊರೆಸಿಕೊಳ್ಳುತ್ತಲೇ ಹುಡುಗಿಯು ಹೋಗಿ ತನ್ನ ತಾಯಿಯನ್ನು ಬಿಗಿದಪ್ಪಿಕೊಂಡಳು.