ಪುಣೆಯ ಕಿರುಸೌಧಗಳು: ಹಿತ ಮತ್ತು ಹೊರೆ

ಪುಣೆಯ ಹಳೆಯ ಪೇಟೆಗಳ ವಾಡೆ, ಕನ್ನಡನಾಡಿನ ತೊಟ್ಟಿಮನೆಯ ದೂರದ ಬಂಧು. ಒಂದೇ ಅಂಗಳದ ಸುತ್ತ ಹಲವು ಸಂಸಾರಗಳು ಬಾಡಿಗೆಗೆ ಬಾಳುತ್ತಿದ್ದುವು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಉಕ್ಕಿದಾಗ ದಂಡೆಯ ಅನೇಕ ವಾಡೆಗಳು ಕುಸಿದುವು. ಅನಂತರದ ದಶಕಗಳಲ್ಲಿ ಎರಂಡವಣೆ, ಪ್ರಭಾತ ರಸ್ತೆಗಳ ಬಂಗಲೆ ನಿವೇಶನಗಳಲ್ಲಿ ಮೂರು ನಾಲ್ಕು ಅಂತಸ್ತಿನ, ಹತ್ತು ಹನ್ನೆರಡು ಮನೆಗಳ ಕಟ್ಟಡಗಳು ಎದ್ದುವು.

ಇವುಗಳ ಹಿತ ಸ್ಪಷ್ಟ. ಮರದ ನೆರಳು ಕಿಟಕಿಗೆ ಎಟಕುತ್ತದೆ; ನೆರೆಯವರ ಹೆಸರು ತಿಳಿದಿರುತ್ತದೆ. ಹೊರನಾಡಿನಿಂದ ಬಂದು ನೆಲಸಿದ ಕುಟುಂಬಕ್ಕೆ ಇದು ಸಣ್ಣ ಲಾಭವಲ್ಲ. (ವೈಮನಸ್ಯಕ್ಕೂ ಇಲ್ಲಿ ಮರೆಯಿಲ್ಲವೆಂಬುದು ಬೇರೆ ಮಾತು.)

ಹೊರೆಯ ಲೆಕ್ಕ ಹೀಗೆ: ಲಿಫ್ಟಿನ ದುರಸ್ತಿಗೆ ಆರು ಲಕ್ಷ ರೂಪಾಯಿ ಬೇಕಾಯಿತೆನ್ನೋಣ. 120 ಮನೆಗಳ ಗೋಪುರದಲ್ಲಿ ತಲಾ 5,000. 12 ಮನೆಗಳಲ್ಲಿ ತಲಾ 50,000. ಪಿಂಚಣಿಯನ್ನೇ ನೆಚ್ಚಿದ ವೃದ್ಧರಿಗೆ ಇದು ಸಾಲದ ಮಾತಾಗುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ನೆಲದ ಹಕ್ಕು. 1963ರ ಮಹಾರಾಷ್ಟ್ರ ಫ್ಲ್ಯಾಟ್ ಒಡೆತನದ ಕಾಯಿದೆಯಂತೆ ನಿರ್ಮಾಪಕನು ನೆಲವನ್ನು ನಿವಾಸಿಗಳ ಸಹಕಾರಿ ಸಂಘಕ್ಕೆ ಬರೆದುಕೊಡಬೇಕು. ಅನೇಕರು ಬರೆದುಕೊಡಲಿಲ್ಲ. ಆದುದರಿಂದಲೇ 2008ರ ತಿದ್ದುಪಡಿಯು, ಸಂಘವೇ ಅಧಿಕಾರಿಗೆ ಅರ್ಜಿ ಸಲ್ಲಿಸಿ ಹಕ್ಕು ಪಡೆಯುವ ದಾರಿ ತೆರೆಯಿತು. ಮನೆಗಳು ಕಡಮೆಯಾದಷ್ಟೂ ತಲಾ ಪಾಲಿನ ನೆಲ ಹೆಚ್ಚು. ಹಳೆಯದನ್ನು ಕೆಡವಿ ಎತ್ತರಿಸಬಯಸುವವರ ಕಣ್ಣು ಬೀಳುವುದೂ ಅಲ್ಲಿಗೇ. ಪತ್ರ ಸಂಘದ ಹೆಸರಿನಲ್ಲಿದ್ದರೆ ನಿವಾಸಿಗಳು ಸಮಬಲರಾಗಿ ಕರಾರನ್ನು ಚರ್ಚಿಸಬಲ್ಲರು. ಇಲ್ಲದಿದ್ದರೆ, ಮನೆಯನ್ನು ಹಣ ಕೊಟ್ಟು ಕೊಂಡವರೂ ವಾಡೆಯ ಬಾಡಿಗೆದಾರರಂತೆ ಹಳೆಯ ನಿರ್ಮಾಪಕನ ವಾರಸುದಾರರ ಬಾಗಿಲು ಕಾಯಬೇಕಾಗುತ್ತದೆ.